ಮಂಡಿ ಉಳಿಸೋಕೆ ಇಪ್ಪತ್ತೈದು ರೂಪಾಯಿ

ನಾವು ಪ್ರತಿ ಶನಿವಾರ ರಾತ್ರಿ ಒಂಬತ್ತಕ್ಕೆ ಫುಟ್‌ಬಾಲ್ ಆಡೋ ಟರ್ಫ್‌ಗೆ ಗಂಟೆಗೆ 1,400 ರೂಪಾಯಿ ಬಾಡಿಗೆ. ಈ ಕಡೆ ಏಳು ಜನ, ಆ ಕಡೆ ಏಳು ಜನ, ತಲೆಗೆ ನೂರು ರೂಪಾಯಿ. ಒಂಬತ್ತಕ್ಕೆ ಸರಿಯಾಗಿ ಹಿಂದಿನ ಗುಂಪು ಹೊರಗೆ ಬರುತ್ತೆ, ನಾವು ಒಳಗೆ ನುಗ್ತೀವಿ. ಹತ್ತು ಗಂಟೆಗೆ ಸರಿಯಾಗಿ ವಾಚ್‌ಮನ್ ಸೀಟಿ ಊದುತ್ತಾರೆ. ಹೀಗಿರುವಾಗ ಯಾರಾದರೂ "ಮೊದಲು ಹದಿನೈದು ನಿಮಿಷ ವಾರ್ಮ್ ಅಪ್ ಮಾಡೋಣ" ಅಂದ್ರೆ ಏನಾಗುತ್ತೆ? "ಗುರೂ, ದುಡ್ಡು ಕೊಟ್ಟಿರೋದು ಆಡೋಕೆ, ಡ್ರಿಲ್ ಮಾಡೋಕಲ್ಲ" ಅಂತ ಒಬ್ಬ ಹೇಳ್ತಾನೆ. ಎಲ್ಲರೂ ನಗ್ತಾರೆ. ಆಟ ಶುರುವಾಗುತ್ತೆ.

ಆ ಮಾತು ಹೇಳ್ತಿದ್ದ ಒಬ್ಬ ನಾನೇ.

ಲೆಕ್ಕ ಹಾಕಿದರೆ ನನ್ನ ಮಾತಿನಲ್ಲಿ ತಪ್ಪಿಲ್ಲ ಅನ್ನಿಸುತ್ತೆ. ಹದಿನೈದು ನಿಮಿಷ ಅಂದರೆ ಗಂಟೆಯ ಕಾಲು ಭಾಗ, 350 ರೂಪಾಯಿ. ತಲೆಗೆ 25. ಕೈಕಾಲು ಆಡಿಸೋಕೆ 25 ರೂಪಾಯಿ ಯಾಕೆ ಕೊಡಬೇಕು? ಆ 25 ರೂಪಾಯಿ ಉಳಿಸಲು ಹೋಗಿ ನನ್ನ ಬಲ ಮಂಡಿಗೆ ಎಷ್ಟು ಖರ್ಚಾಯಿತು ಅನ್ನೋದೇ ಈ ಸಲದ ಅಂಕಣ. ಕೊನೆಗೆ ಇನ್ನೊಂದು ಮಂಡಿಯ ವಿಷಯವೂ ಬರುತ್ತೆ. ಅದು ನನ್ನದಲ್ಲ, ಆದರೆ ಅದರ ಭಾರ ನನ್ನ ಮೇಲಿದೆ.

ಎರಡು ವರ್ಷದ ಹಿಂದಿನ ಫೆಬ್ರವರಿ. ಚೆಂಡು ನನ್ನ ಕಡೆ ಬಂತು. ಬಲಗಾಲು ಊರಿ ಎಡಕ್ಕೆ ತಿರುಗಿದೆ. ಮೈ ತಿರುಗಿತು, ಪಾದ ತಿರುಗಲಿಲ್ಲ. ಒಳಗೆಲ್ಲೋ 'ಟಪ್' ಅಂತ ಸದ್ದು. ಯಾರೂ ನನ್ನನ್ನು ಮುಟ್ಟಿರಲಿಲ್ಲ. ಹತ್ತಿರ ಇದ್ದವನೇ ಹತ್ತಡಿ ದೂರದಲ್ಲಿದ್ದ. ಬದಿಯಲ್ಲಿ ಕೂತು ಐಸ್ ಇಟ್ಟುಕೊಂಡೆ, ಟೀ ಕುಡಿದೆ, ಗೆಳೆಯನ ಸ್ಕೂಟರಿನ ಹಿಂದೆ ಕೂತು ಮನೆಗೆ ಹೋದೆ. ಬೆಳಗ್ಗೆ ಎದ್ದು ನೋಡಿದರೆ ಮಂಡಿ ತೆಂಗಿನಕಾಯಿ ಗಾತ್ರ.

ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು, ಹರಿದಿದ್ದು ಎಸಿಎಲ್. ತೊಡೆಯ ಮೂಳೆ ಮತ್ತು ಕೆಳಗಾಲಿನ ಮೂಳೆಯನ್ನು ಮಂಡಿಯೊಳಗೆ ಹಿಡಿದಿಡುವ ಹಗ್ಗಗಳಲ್ಲಿ ಒಂದು ಅಂದುಕೊಳ್ಳಿ. ಇದು ಯಾರೋ ಡಿಕ್ಕಿ ಹೊಡೆದಾಗಲೇ ಹರಿಯುತ್ತೆ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಹೆಚ್ಚಿನವರಿಗೆ ಆಗೋದು ನನ್ನ ಹಾಗೇ: ಓಡುತ್ತಾ ಗಕ್ಕನೆ ನಿಂತಾಗ, ದಿಕ್ಕು ಬದಲಿಸಿದಾಗ, ಜಿಗಿದು ಒಂಟಿ ಕಾಲಲ್ಲಿ ಇಳಿದಾಗ. ಮಂಡಿ ಒಳಮುಖವಾಗಿ ವಾಲುತ್ತೆ, ಹಗ್ಗ ತಡೆಯೋದಿಲ್ಲ. ಮತ್ತೆ ಆಡಬೇಕು ಅಂದರೆ ಸಾಮಾನ್ಯವಾಗಿ ಆಪರೇಷನ್. ನನಗೆ ತೊಡೆಯ ಹಿಂಭಾಗದಿಂದ ಸ್ನಾಯುರಜ್ಜು ತೆಗೆದು ಹೊಸ ಹಗ್ಗ ಕಟ್ಟಿದರು.

ಈಗ ಬಿಲ್ಲಿಗೆ ಬರೋಣ. ಸ್ಕ್ಯಾನ್ ಸೇರಿ ಆಸ್ಪತ್ರೆಯದ್ದು 2,86,000 ರೂಪಾಯಿ. ಕಂಪನಿಯ ವಿಮೆಯಿಂದ 2,41,000 ಬಂತು. ರೂಮಿನ ಬಾಡಿಗೆ ವ್ಯತ್ಯಾಸ, ಗ್ಲೌಸು, ಅದು ಇದು ಅಂತ ಉಳಿದ 45,000 ನನ್ನ ಕೈಯಿಂದ. ಅರವತ್ತು ಸಲ ಫಿಸಿಯೋಥೆರಪಿ, ಸಲಕ್ಕೆ 800ರಂತೆ 48,000. ಮಂಡಿಗೆ ಕಟ್ಟುವ ಬ್ರೇಸು, ಊರುಗೋಲು 9,000. ಅಲ್ಲಿಗೆ ಹೋಗಿ ಬರಲು ಆಟೋಗೆ 18,000. ನನ್ನ ಜೇಬಿನಿಂದ ಹೋಗಿದ್ದು 1,20,000. ವಿಮೆಯದ್ದೂ ಸೇರಿಸಿದರೆ ಒಂದು ಮಂಡಿಗೆ ಒಟ್ಟು 3,61,000 ರೂಪಾಯಿ.

ಬಿಲ್ಲಿನಲ್ಲಿ ಬರೆಯದ ಖರ್ಚು ಇನ್ನೂ ಇದೆ. ಅಮ್ಮ ಹಾಸನದ ಕಡೆಯ ನಮ್ಮೂರಿನಿಂದ ಬಂದು ಆರು ವಾರ ಇದ್ದರು. ಅಲ್ಲಿ ಅಪ್ಪ ಒಬ್ಬರೇ. ಎರಡು ಹಸು ನೋಡಿಕೊಳ್ಳಲು, ಹಾಲು ಕರೆಯಲು ಬೇರೆಯವರಿಗೆ ದುಡ್ಡು ಕೊಡಬೇಕಾಯಿತು. ಅಮ್ಮನಿಗೇ ಮಂಡಿನೋವು, ಅವರು ನಮ್ಮ ಎರಡನೇ ಮಹಡಿಯ ಮೆಟ್ಟಿಲು ಹತ್ತಿ ಇಳಿದು ನನಗೆ ಗಂಜಿ ಮಾಡಿ ಹಾಕಿದರು. ಒಂದು ದಿನ ನನ್ನ ಕಾಲಿಗೆ ಐಸ್ ಇಡುತ್ತಾ, "ನನ್ ಮಂಡಿ ಸವೆದಿದ್ದು ಐವತ್ತೆಂಟಕ್ಕೆ ಕಣೋ, ನಿಂದು ಇಪ್ಪತ್ತೆಂಟಕ್ಕೇ ಹೋಯ್ತಲ್ಲ" ಅಂದರು. ಒಮ್ಮೆ ಹೀಗೆ ಪೆಟ್ಟಾದ ಮಂಡಿ ಬೇರೆಯವರದ್ದಕ್ಕಿಂತ ಬೇಗ ಸವೆಯುವ ಸಾಧ್ಯತೆ ಹೆಚ್ಚು ಅಂತ ಡಾಕ್ಟರೂ ಹೇಳಿದ್ದರು. ಅಂದರೆ ಬಿಲ್ ಇನ್ನೂ ಮುಗಿದಿಲ್ಲ.

ನಾಲ್ಕನೇ ತಿಂಗಳಲ್ಲಿ ಫಿಸಿಯೋ ಮೇಡಂ ಕನ್ನಡಿ ಮುಂದೆ ನಿಲ್ಲಿಸಿದರು. ಒಂಟಿ ಕಾಲಲ್ಲಿ ನಿಲ್ಲು. ಅರ್ಧ ಕೂತು ಏಳು, ಮಂಡಿ ಪಾದದ ನೇರಕ್ಕೇ ಇರಲಿ, ಒಳಗೆ ಬರಬಾರದು. ಮೆಲ್ಲಗೆ ಜಿಗಿ, ಸದ್ದಾಗದ ಹಾಗೆ ಇಳಿ. ನನಗೆ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ನೆನಪಾದರು. ಕಬಡ್ಡಿಗೆ ಮುಂಚೆ ಮೈದಾನ ಎರಡು ಸುತ್ತು, ಆಮೇಲೆ ಇಪ್ಪತ್ತು ಬಸ್ಕಿ. ತರಗತಿಯಲ್ಲಿ ಗಲಾಟೆ ಮಾಡಿದಾಗಲೂ ಅದೇ ಬಸ್ಕಿಯೇ ಶಿಕ್ಷೆ. ಹಾಗಾಗಿ ಆಟದ ಮುಂಚಿನ ಬಸ್ಕಿಯನ್ನೂ ನಾವು ಶಿಕ್ಷೆ ಅಂತಲೇ ತಿಳಿದು ಬೆಳೆದೆವು.

"ಮೇಡಂ, ಇದನ್ನ ಮೊದಲೇ ಮಾಡಿದ್ರೆ ಮಂಡಿ ಉಳೀತಿತ್ತಾ?" ಅಂತ ಕೇಳಿದೆ. ಅವರು ನಕ್ಕರು. "ಉಳಿಯೋ ಛಾನ್ಸ್ ಜಾಸ್ತಿ ಇರ್ತಿತ್ತು. ಆದ್ರೆ ಕಾಲು ಹೋಗೋ ತನಕ ಯಾರೂ ನನ್ನ ಹತ್ರ ಬರಲ್ಲ."

ಮನೆಗೆ ಬಂದು ಓದೋಕೆ ಕೂತೆ. ಮಂಡಿ ಮಡಿಸಲಾಗದವನಿಗೆ ಬೇರೆ ಕೆಲಸ ಏನು! ಫುಟ್‌ಬಾಲಿಗೆ ಅಂತಲೇ 'ಫಿಫಾ 11+' ಎಂಬ ವ್ಯಾಯಾಮದ ಪಟ್ಟಿ ಇದೆ. 2006ರಲ್ಲಿ ಫಿಫಾದ ವೈದ್ಯಕೀಯ ತಂಡ ನಾರ್ವೆಯ ಓಸ್ಲೋ ಮತ್ತು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ್ದು. ಹದಿನೈದು ವ್ಯಾಯಾಮ, ಸುಮಾರು ಇಪ್ಪತ್ತು ನಿಮಿಷ: ನಿಧಾನ ಓಟ, ಆಮೇಲೆ ಪ್ಲ್ಯಾಂಕ್, ಬಸ್ಕಿ, ಒಂಟಿ ಕಾಲಿನ ಸಮತೋಲನ, ಜಿಗಿತ, ಕೊನೆಗೆ ಚುರುಕು ಓಟ. ಉಪಕರಣ ಏನೂ ಬೇಡ. ನಾರ್ವೆಯ ಹದಿಹರೆಯದ ಆಟಗಾರ್ತಿಯರ ಮೇಲೆ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿದ್ದವು. ಸ್ವೀಡನ್‌ನಲ್ಲಿ 12ರಿಂದ 17 ವರ್ಷದ ನಾಲ್ಕೂವರೆ ಸಾವಿರ ಹುಡುಗಿಯರ ಮೇಲೆ ನಡೆದ ಅಧ್ಯಯನ 2012ರಲ್ಲಿ ಬಂತು. ಅಲ್ಲಿ ವಾರಕ್ಕೆರಡು ಸಲ ಹದಿನೈದು ನಿಮಿಷದ ಮಂಡಿ ವ್ಯಾಯಾಮ. ಎಸಿಎಲ್ ಹರಿಯೋದು 64 ಶೇಕಡಾ ಕಡಿಮೆ.

ಅಲ್ಲಿ ಹುಡುಗಿಯರನ್ನೇ ಆರಿಸಿಕೊಂಡಿದ್ದಕ್ಕೂ ಕಾರಣ ಇದೆ. ಅದೇ ಆಟ ಆಡುವ ಹುಡುಗರಿಗಿಂತ ಅವರಿಗೆ ಎಸಿಎಲ್ ಅಪಾಯ ಹೆಚ್ಚು. ಮಗಳನ್ನು ಖೋಖೋ, ಥ್ರೋಬಾಲ್, ಬ್ಯಾಡ್ಮಿಂಟನ್‌ಗೆ ಕಳಿಸುವ ಅಪ್ಪ ಅಮ್ಮ ಈ ಸಾಲನ್ನು ಇನ್ನೊಮ್ಮೆ ಓದಿ.

ಇಷ್ಟೆಲ್ಲ ತಿಳಿದ ಮೇಲೆ ನಾನು ಏನು ಮಾಡಿದೆ? ಹತ್ತು ತಿಂಗಳಾದ ಮೇಲೆ ಟರ್ಫ್‌ಗೆ ವಾಪಸ್ ಹೋದೆ. ಮೂಲೆಯಲ್ಲಿ ನಿಂತು ನನ್ನ ಪಾಡಿಗೆ ನನ್ನ ವ್ಯಾಯಾಮ ಮಾಡಿಕೊಂಡೆ. ಉಳಿದವರು ಎಂದಿನಂತೆ ನೇರ ಆಟಕ್ಕಿಳಿದರು. "ಎಲ್ರೂ ಮಾಡ್ರಪ್ಪಾ" ಅನ್ನಬೇಕು ಅಂತ ಪ್ರತಿ ಶನಿವಾರ ಅಂದುಕೊಳ್ತಿದ್ದೆ. ಹೇಳಲಿಲ್ಲ. ಡ್ರಿಲ್ ಅಂತ ನಕ್ಕವನೇ ನಾನು, ಈಗ ಉಪದೇಶ ಮಾಡೋದು ಹೇಗೆ ಅನ್ನೋ ಸಂಕೋಚ. ಜೊತೆಗೆ ಆ 350 ರೂಪಾಯಿ.

ಹೋದ ಜುಲೈನಲ್ಲಿ ನಮ್ಮ ಗೋಲ್‌ಕೀಪರ್ ಮಂಡಿ ಹೋಯಿತು.

ಅವನು ಕೊಪ್ಪಳದ ಕಡೆಯ ಹುಡುಗ, ಇಪ್ಪತ್ತೆರಡು ವರ್ಷ, ಬೈಕಿನಲ್ಲಿ ಊಟ ಡೆಲಿವರಿ ಮಾಡ್ತಾನೆ. ಒಂದು ಶನಿವಾರ ನಮಗೆ ಒಬ್ಬ ಕಡಿಮೆ ಬಿದ್ದಾಗ ಟರ್ಫ್ ಹೊರಗೆ ಆರ್ಡರ್ ಕಾಯ್ತಿದ್ದವನನ್ನು ಒಳಗೆ ಕರೆದೆವು. ನಮ್ಮೆಲ್ಲರಿಗಿಂತ ಚೆನ್ನಾಗಿ ಆಡಿದ. ಅಂದಿನಿಂದ ಗೋಲ್ ಅವನದ್ದೇ. ಆ ರಾತ್ರಿ ಮೇಲಿನ ಚೆಂಡಿಗೆ ಜಿಗಿದು ಒಂಟಿ ಕಾಲಲ್ಲಿ ಇಳಿದ, ಕುಸಿದ. ಯಾರೂ ಮುಟ್ಟಿರಲಿಲ್ಲ. "ಏನೂ ಆಗಿಲ್ರೀ ಅಣ್ಣಾ, ನೀವು ಆಡ್ರಿ" ಅಂತ ಬದಿಗೆ ಹೋಗಿ ಕೂತ. ಏನಾಗಿದೆ ಅಂತ ಅಲ್ಲಿದ್ದವರಲ್ಲಿ ನನಗೊಬ್ಬನಿಗೆ ಗೊತ್ತಾಗಿತ್ತು.

ಗುಂಪಿನಲ್ಲಿ ಇಪ್ಪತ್ತೆರಡು ಜನ, ತಲೆಗೆ 500 ಹಾಕಿದೆವು, 11,000 ಆಯಿತು. ಅದರಲ್ಲಿ ಸ್ಕ್ಯಾನಿಗೇ 7,500 ಹೋಯಿತು. ನನಗೆ ಹರಿದ ಹಗ್ಗವೇ ಅವನಿಗೂ ಹರಿದಿತ್ತು. ಏಳು ವಾರ ಬೈಕ್ ಹತ್ತಲಿಲ್ಲ. ಪೆಟ್ರೋಲ್ ಕಳೆದು ದಿನಕ್ಕೆ 800 ದುಡಿಯುವವನು. ಸುಮಾರು ನಲವತ್ತೈದು ದಿನಕ್ಕೆ 36,000 ರೂಪಾಯಿ ಇಲ್ಲ. ಬೈಕಿನ ಕಂತು ನಿಲ್ಲಲಿಲ್ಲ. ಊರಿಗೆ ತಿಂಗಳಿಗೆ ಕಳಿಸುತ್ತಿದ್ದ 8,000 ನಿಂತಿತು. ನಾನು ಆ ಹತ್ತು ತಿಂಗಳಲ್ಲಿ ಒಂದು ದಿನದ ಸಂಬಳವನ್ನೂ ಕಳೆದುಕೊಂಡಿರಲಿಲ್ಲ. ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಿದ್ದೆ. ಒಂದೇ ಗಾಯ, ಒಂದೇ ಮೈದಾನ. ಅವನ ದುಡಿಮೆ ಅವನ ಕಾಲಿನಲ್ಲಿತ್ತು, ನನ್ನದು ಕಾಲಿನಲ್ಲಿರಲಿಲ್ಲ.

ಆಗ ನನ್ನ ತಲೆಯಲ್ಲಿ ಕೊರೆಯೋಕೆ ಶುರುವಾದ ಪ್ರಶ್ನೆ: ಇಷ್ಟು ಅಗ್ಗದ ಉಪಾಯ ಇದ್ದರೂ ಯಾಕೆ ಯಾರೂ ಮಾಡಲ್ಲ?

ಉತ್ತರ ನನಗೆ ಸಿಕ್ಕಿದ್ದು ಸ್ವಿಟ್ಜರ್ಲೆಂಡ್ ಮತ್ತು ನ್ಯೂಜಿಲೆಂಡಿನ ಕಥೆಯಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ ನೌಕರರಿಗೆ ಅಪಘಾತ ವಿಮೆ ಕಡ್ಡಾಯ. ಆಫೀಸಿನಲ್ಲಿ ಬಿದ್ದರೆ ಮಾತ್ರ ಅಲ್ಲ, ವಾರಕ್ಕೆ ಎಂಟು ಗಂಟೆಗಿಂತ ಕಡಿಮೆ ದುಡಿಯದವರಿಗೆ ಭಾನುವಾರ ಮೈದಾನದಲ್ಲಿ ಬಿದ್ದರೂ ಅದೇ ವಿಮೆ ಚಿಕಿತ್ಸೆಯ ಖರ್ಚು ಕೊಡುತ್ತೆ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಮೂರನೇ ದಿನದಿಂದ ಸಂಬಳದ 80 ಶೇಕಡಾ ಕೊಡುತ್ತೆ. ಅಲ್ಲಿನ ದೊಡ್ಡ ವಿಮಾ ಸಂಸ್ಥೆ ಸುವಾ. ಹವ್ಯಾಸಿ ಫುಟ್‌ಬಾಲ್ ಆಟಗಾರರ ಮಂಡಿಗೆ, ಪಾದಕ್ಕೆ ದುಡ್ಡು ಕೊಟ್ಟು ಸಾಕಾಗಿ ಅದು 2004ರಲ್ಲಿ ಫುಟ್‌ಬಾಲ್ ಸಂಘದ ಜೊತೆ ಸೇರಿ ದೇಶದ ಕೋಚ್‌ಗಳಿಗೆ ಈ ಬಗೆಯ ವ್ಯಾಯಾಮ ಕಲಿಸಲು ಹೊರಟಿತು. ನಾಲ್ಕು ವರ್ಷದ ನಂತರ ನೋಡಿದರೆ, ವ್ಯಾಯಾಮ ಮಾಡುತ್ತಿದ್ದ ತಂಡಗಳಲ್ಲಿ ಪಂದ್ಯದ ಗಾಯಗಳು ಸುಮಾರು 12 ಶೇಕಡಾ, ಅಭ್ಯಾಸದ ವೇಳೆಯ ಗಾಯಗಳು ಸುಮಾರು 25 ಶೇಕಡಾ ಕಡಿಮೆ.

ನ್ಯೂಜಿಲೆಂಡಿನಲ್ಲಿ 1974ರಿಂದ ಎಸಿಸಿ ಎಂಬ ಸರ್ಕಾರಿ ವ್ಯವಸ್ಥೆ ಇದೆ. ತಪ್ಪು ಯಾರದ್ದು ಅಂತ ಕೇಳದೆ, ದೇಶದಲ್ಲಿ ಯಾರಿಗೆ ಪೆಟ್ಟಾದರೂ ಅದು ನೋಡಿಕೊಳ್ಳುತ್ತೆ. ಅವರೂ ಫುಟ್‌ಬಾಲ್ ಕ್ಲಬ್‌ಗಳಿಗೆ ವ್ಯಾಯಾಮ ಕಲಿಸಲು ಖರ್ಚು ಮಾಡಿದರು. ಹಾಕಿದ ಒಂದೊಂದು ಡಾಲರಿಗೆ ಎಂಟು ಡಾಲರಿನಷ್ಟು ಉಳಿತಾಯ ಆಯಿತು ಅಂತ ಅವರ ಲೆಕ್ಕ.

ಈ ಎರಡೂ ಕಡೆ ಮಂಡಿ ಹೋದರೆ ದುಡ್ಡು ಕೊಡೋದು ಯಾರೋ, ಮಂಡಿ ಉಳಿಸಲು ಖರ್ಚು ಮಾಡೋದೂ ಅವರೇ. ನಮ್ಮಲ್ಲಿ ನೋಡಿ. ಹದಿನೈದು ನಿಮಿಷ ಬಿಟ್ಟುಕೊಡಬಲ್ಲವರು ಟರ್ಫ್ ಮಾಲೀಕರು. ಮಂಡಿ ಹೋದರೆ ಅವರಿಗೆ ಒಂದು ರೂಪಾಯಿಯೂ ನಷ್ಟವಿಲ್ಲ. ಕಂಪನಿಗಳ ಟೂರ್ನಮೆಂಟ್‌ಗಳಲ್ಲಿ ಜೆರ್ಸಿಗೆ, ಟ್ರೋಫಿಗೆ, ರಾತ್ರಿ ಊಟಕ್ಕೆ ದುಡ್ಡಿರುತ್ತೆ. ಎರಡು ಪಂದ್ಯದ ನಡುವೆ ಐದು ನಿಮಿಷವೂ ಇರೋದಿಲ್ಲ. ವಿಮಾ ಕಂಪನಿ ವರ್ಷ ಕಳೆದ ಮೇಲೆ ಪ್ರೀಮಿಯಂ ಏರಿಸಿಕೊಳ್ಳುತ್ತೆ. ಖರ್ಚು ಬಂದು ಬೀಳೋದು ಹಾಸನದ ಅಮ್ಮನ ಮೇಲೆ, ಕೊಪ್ಪಳದ ಮನೆಯ ಮೇಲೆ. ಅವರಿಗೆ ಎಸಿಎಲ್ ಅನ್ನೋ ಹೆಸರೂ ಗೊತ್ತಿರಲ್ಲ.

ಇನ್ನೊಂದು ಕಾರಣವೂ ಇದೆ, ನಮ್ಮ ಸಾಫ್ಟ್‌ವೇರಿನವರಿಗೆ ಚೆನ್ನಾಗಿ ಅರ್ಥವಾಗೋದು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಎದ್ದು ಸರಿ ಮಾಡಿದವನಿಗೆ ಎಲ್ಲರೂ ಶಹಬ್ಬಾಸ್ ಅಂತಾರೆ. ಬೀಳದ ಹಾಗೆ ಮೊದಲೇ ನೋಡಿಕೊಂಡವನ ಹೆಸರು ಯಾರಿಗೂ ಗೊತ್ತಿರಲ್ಲ. ಹರಿಯದೇ ಉಳಿದ ಮಂಡಿಯೂ ಹಾಗೇ. ಅದಕ್ಕೆ ಬಿಲ್ ಇಲ್ಲ, ಫೋಟೋ ಇಲ್ಲ.

ಇದನ್ನು ಹೇಳಿದಾಗ ನಮ್ಮ ಗುಂಪಿನ ಒಬ್ಬ, "ಹಂಗಾದ್ರೆ ಎಲ್ರೂ ಒಂದ್ಸಲ ಟೆಸ್ಟ್ ಮಾಡಿಸೋಣ, ಯಾರ ಮಂಡಿ ವೀಕೋ ಅವರು ಮಾತ್ರ ವ್ಯಾಯಾಮ ಮಾಡ್ಲಿ" ಅಂದ. ಜಾಣ ಮಾತು. ಆದರೆ ಅಮೆರಿಕದಲ್ಲಿ 2014ರಲ್ಲಿ ಸಂಶೋಧಕರು ಇದೇ ಪ್ರಶ್ನೆಗೆ ಲೆಕ್ಕ ಹಾಕಿದ್ದಾರೆ. ಯುವ ಆಟಗಾರರಲ್ಲಿ ಅಪಾಯ ಇರುವವರನ್ನು ಹುಡುಕಿ ಕಲಿಸೋದಕ್ಕಿಂತ ಎಲ್ಲರಿಗೂ ಕಲಿಸೋದೇ ಅಗ್ಗ ಅಂತ ಉತ್ತರ ಬಂತು. ವ್ಯಾಯಾಮ ಅಷ್ಟು ಅಗ್ಗ. ಇನ್ನೊಬ್ಬ 600 ರೂಪಾಯಿಯ ನೀ ಕ್ಯಾಪ್ ತಂದು ತೋರಿಸಿದ. ಹಾಕಿಕೊಳ್ಳಲಿ, ಮಂಡಿ ಬೆಚ್ಚಗಿರುತ್ತೆ. ಜಿಗಿದು ಇಳಿಯೋದು ಹೇಗೆ ಅಂತ ಅದು ಕಲಿಸಲ್ಲ.

ನಾನೂ ಒಂದು ಲೆಕ್ಕ ಹಾಕಿ ಗ್ರೂಪಿನಲ್ಲಿ ಹಾಕಿದೆ. ವಾರಕ್ಕೆ 25 ರೂಪಾಯಿ, ವರ್ಷಕ್ಕೆ 48 ವಾರ, 1,200 ರೂಪಾಯಿ. ಮಂಡಿ ಹೋದರೆ 3,61,000. ನಾವು ಸ್ವೀಡನ್ನಿನ ಹುಡುಗಿಯರಲ್ಲ, ಮೂವತ್ತರ ಗಂಡಸರು, ವಾರಕ್ಕೊಂದೇ ಸಲ ಆಡೋರು. ಹಾಗಾಗಿ 64 ಬೇಡ, ವ್ಯಾಯಾಮದಿಂದ ಮೂರರಲ್ಲಿ ಒಂದು ಗಾಯ ಮಾತ್ರ ತಪ್ಪುತ್ತೆ ಅಂತ ಇಟ್ಟುಕೊಂಡೆ. ಆಗಲೂ ವರ್ಷಕ್ಕೆ ನೂರು ಆಟಗಾರರಲ್ಲಿ ಒಬ್ಬನಿಗೆ ಮಂಡಿ ಹೋಗುವ ಹಾಗಿದ್ದರೆ ಹಾಕಿದ ದುಡ್ಡು ಪೂರ್ತಿ ವಾಪಸ್. ನಮ್ಮ ಇಪ್ಪತ್ತೆರಡು ಜನರಲ್ಲಿ ನಾಲ್ಕು ವರ್ಷಕ್ಕೆ ಇಬ್ಬರದ್ದು ಹೋಗಿದೆ. ಅಂದರೆ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಜಾಸ್ತಿ. ಇಬ್ಬರಿಂದ ಶಾಸ್ತ್ರ ಹುಟ್ಟಲ್ಲ, ಒಪ್ಪಿದೆ. ಆದರೂ 25 ರೂಪಾಯಿ ಉಳಿಸೋದು ಜಾಣತನ ಅಂತ ವಾದ ಮಾಡೋಕೆ ಯಾರಿಗೂ ಆಗಲಿಲ್ಲ.

ಕೊನೆಗೆ ಆ 25 ರೂಪಾಯಿಯೂ ಖರ್ಚಾಗಲಿಲ್ಲ ಅನ್ನೋದು ತಮಾಷೆ. ಟರ್ಫ್ ಪಕ್ಕ ಪಾರ್ಕಿಂಗ್ ಜಾಗ ಇದೆ. ಅಲ್ಲಿ ನಿಲ್ಲೋಕೆ ಬಾಡಿಗೆ ಇಲ್ಲ. ಎಲ್ಲರೂ ಎಂಟೂ ಮುಕ್ಕಾಲಿಗೆ ಬರೋದು, ಬೈಕುಗಳ ನಡುವೆ ಹದಿನೈದು ನಿಮಿಷ ವ್ಯಾಯಾಮ, ಆಮೇಲೆ ಒಳಗೆ. ಒಂದೇ ನಿಯಮ: ತಡವಾಗಿ ಬಂದವರು ಮೊದಲ ಹದಿನೈದು ನಿಮಿಷ ಆಡೋ ಹಾಗಿಲ್ಲ, ಹೊರಗೆ ವ್ಯಾಯಾಮ ಮುಗಿಸಿಯೇ ಒಳಗೆ ಬರಬೇಕು. ಮೊದಲ ವಾರ ಆರು ಜನ ಹೊರಗಿದ್ದರು, ಜಗಳವೇ ಆಯಿತು. ಮೂರನೇ ವಾರಕ್ಕೆ ಒಬ್ಬ. ವಾರಕ್ಕೊಂದು ಸಲ ಸಾಲದು ಅಂತ ಮನೆಯಲ್ಲಿ ಬುಧವಾರ ಇನ್ನೊಂದು ಸಲ ಮಾಡೋಣ ಅಂತಲೂ ಅಂದುಕೊಂಡಿದ್ದೀವಿ. ಅದನ್ನು ಅರ್ಧ ಜನ ಮಾಡಲ್ಲ, ಗೊತ್ತು.

ಇದರಿಂದ ಯಾರ ಮಂಡಿಯೂ ಇನ್ನು ಹೋಗಲ್ಲ ಅಂತ ನಾನು ಹೇಳಲ್ಲ. ಹೋಗಬಹುದು. ಅಧ್ಯಯನಗಳಲ್ಲೂ ಗಾಯ ಕಡಿಮೆಯಾಗಿದೆ, ನಿಂತಿಲ್ಲ. ಅದಕ್ಕೇ ಈಗ ತಲೆಗೆ ನೂರರ ಜೊತೆ ಇಪ್ಪತ್ತು ರೂಪಾಯಿ ಬೇರೆ ಡಬ್ಬಿಗೆ ಹಾಕ್ತೀವಿ. ವರ್ಷಕ್ಕೆ ಹದಿಮೂರು ಸಾವಿರ ಚಿಲ್ಲರೆ ಆಗುತ್ತೆ. ಆಪರೇಷನ್‌ಗೆ ಸಾಲಲ್ಲ. ವಿಮೆ ಇಲ್ಲದವನ ಸ್ಕ್ಯಾನಿಗೆ ಸಾಲುತ್ತೆ, ಒಂದು ವಾರದ ದುಡಿಮೆಗೂ ಸಾಲುತ್ತೆ.

ನಿಮ್ಮ ಮನೆಯಲ್ಲಿ ಆಡುವವರಿದ್ದರೆ ಇಷ್ಟು ಕೇಳಿ ನೋಡಿ. ಮಕ್ಕಳ ಬೇಸಿಗೆ ಶಿಬಿರದ ಕೋಚ್ ಆಟಕ್ಕೆ ಮುಂಚೆ ಎಷ್ಟು ನಿಮಿಷ ವ್ಯಾಯಾಮ ಮಾಡಿಸುತ್ತಾರೆ? ಜಿಗಿದು ಇಳಿಯುವಾಗ ಮಂಡಿ ಎಲ್ಲಿರಬೇಕು ಅಂತ ಕಲಿಸುತ್ತಾರಾ? ಅಪಾರ್ಟ್‌ಮೆಂಟಿನ ಲೀಗ್ ಆದರೆ, ಪೆಟ್ಟಾದರೆ ಖರ್ಚು ಯಾರದ್ದು? ಕೊನೆಯ ಪ್ರಶ್ನೆಗೆ ಉತ್ತರ 'ನಮ್ಮದೇ' ಅಂತಿದ್ದರೆ, ಮೊದಲ ಎರಡನ್ನು ಸ್ವಲ್ಪ ಜೋರಾಗಿ ಕೇಳಿ.

ನಮ್ಮ ಗೋಲ್‌ಕೀಪರ್ ಆಪರೇಷನ್ ಮಾಡಿಸಿಕೊಂಡಿಲ್ಲ. ಇನ್ನೂ ಯೋಚಿಸ್ತಿದ್ದಾನೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮ ಮಾಡಿಕೊಂಡು ಮತ್ತೆ ಬೈಕ್ ಹತ್ತಿದ್ದಾನೆ. ಲಿಫ್ಟ್ ಇಲ್ಲದ ಕಟ್ಟಡದ ಆರ್ಡರ್ ಬಂದರೆ ಮೆಟ್ಟಿಲು ನೋಡಿ ನಿಟ್ಟುಸಿರು ಬಿಡ್ತಾನಂತೆ. ಗೋಲ್‌ನಲ್ಲಿ ಈಗ ಬೇರೆಯವರು ನಿಲ್ತಾರೆ, ಚೆಂಡು ಬಿಡ್ತಾರೆ. ಆದರೆ ಆರ್ಡರ್ ಕಡಿಮೆ ಇರುವ ಶನಿವಾರ ಅವನು ಎಂಟೂ ಮುಕ್ಕಾಲಿಗೆ ಪಾರ್ಕಿಂಗ್‌ಗೆ ಬಂದು ಬೈಕಿಗೆ ಒರಗಿ ನಿಲ್ತಾನೆ, ನಮ್ಮ ಬಸ್ಕಿ ಎಣಿಸ್ತಾನೆ. ಹೋದ ವಾರ ಹನ್ನೊಂದನೇ ಬಸ್ಕಿಗೆ ನನ್ನ ಕಡೆ ಕೈ ತೋರಿಸಿ ಕೂಗಿದ:

"ಅಣ್ಣಾ, ಮೊಣಕಾಲ ಒಳಗ ಬರಾಕತ್ತಾದ ನೋಡ್ರಿ. ಅದು ಲೆಕ್ಕಕ್ಕ ಬರಂಗಿಲ್ಲ, ಮತ್ತ ಹೊಡೀರಿ."

ಹೊಡೆದೆ.